ಕಾಲೇಜಿಗೆ ಪಕ್ಷದ ಬಣ್ಣ ಹತ್ತಿದ್ರ ನೌಕರಿಗೆ ಅಡ್ಡಿ ಆಗ್ತದೇನು? ಗುಂಪಿನ ಪ್ರಶ್ನೋತ್ತರ

ಗುಂಪು ನಿರ್ವಾಹಕ:
ಎಲ್ಲರಿಗೂ ಶರಣು. ಹೋದ ವಾರದಿಂದ ಗುಂಪಿನ್ಯಾಗ ಒಂದೇ ಮಾತು ನಡದದ. ಮಕ್ಕಳು ಓದೋ ಕಾಲೇಜು ಇಂಥ ಪಕ್ಷದ್ದು, ಇಂಥ ಮಠದ್ದು, ಇಲ್ಲಾ ಗಲಾಟಿ ಕಾಲೇಜು ಅಂತ ಹೆಸರಾಗಿದ್ರ ಮುಂದ ನೌಕರಿಗೆ ತೊಂದ್ರಿ ಆಗ್ತದೇನು ಅಂತ. ನೇಮಕಾತಿ ಮತ್ತ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಕೆಲಸದಾಗ ಇರೋ ಮೇಡಂ ಇವತ್ತು ಉತ್ತರ ಕೊಡ್ತಾರ. ಕಲಬುರಗಿ, ಬೀದರ್, ಯಾದಗಿರಿ ಯಾರರೆ ಕೇಳ್ರಿ. ಕಾಲೇಜಿನ ಹೆಸರು, ಲೀಡರ್ ಹೆಸರು ಹಾಕಬ್ಯಾಡ್ರಿ. ಫಾರ್ವರ್ಡ್ ಬ್ಯಾಡ.

ಬೀದರ್ ಕೋಟೆ:
ನಮಸ್ಕಾರ ಮೇಡಂ. ಮಗಳು ಇಂಜಿನಿಯರಿಂಗ್ ಆರನೇ ಸೆಮ್ ಓದ್ಲತ್ತಾಳ. ಕಾಲೇಜಿನ ಅಧ್ಯಕ್ಷರು ಒಂದು ಪಕ್ಷದಾಗ ದೊಡ್ಡವರು. ಎದುರು ಪಕ್ಷದ ಸರ್ಕಾರ ಬಂದ್ರ ಕಂಪನಿಯವ್ರು ಕ್ಯಾಂಪಸ್ಸಿಗೆ ಬರಂಗಿಲ್ಲ ಅಂತ ಹುಡುಗರು ಮಾತಾಡ್ಲತ್ತಾರ. ಖರೆ ಏನ್ರಿ?

ನೇಮಕಾತಿ ಮೇಡಂ:
ನಮಸ್ಕಾರ. ಅಧ್ಯಕ್ಷರು ಯಾವ ಪಕ್ಷ ಎಂದು ಐಟಿ ಕಂಪನಿಯ ಕ್ಯಾಂಪಸ್ ತಂಡ ನೋಡುವುದಿಲ್ಲ. ಅವರ ಮುಂದೆ ಇರುವುದು ಒಂದು ಎಕ್ಸೆಲ್ ಶೀಟ್. ಹತ್ತನೇ ತರಗತಿ, ಪಿಯುಸಿ, ಡಿಗ್ರಿ ಮೂರರಲ್ಲೂ ಶೇ 60 ದಾಟಿ, ಬ್ಯಾಕ್‌ಲಾಗ್ ಇಲ್ಲದವರು ಎಷ್ಟು ಮಂದಿ. ಹೋದ ವರ್ಷ ಆಫರ್ ತೆಗೆದುಕೊಂಡವರಲ್ಲಿ ನಿಜವಾಗಿ ಸೇರಿದವರು ಎಷ್ಟು. ಆನ್‌ಲೈನ್ ಟೆಸ್ಟಿಗೆ ಒಂದೇ ಹೊತ್ತಿಗೆ ಎಷ್ಟು ಕಂಪ್ಯೂಟರ್ ಕೊಡುತ್ತೀರಿ. ತಂಡ ಹೋಗಿ ಬರಲು ಎಷ್ಟು ದಿನ ಬೇಕು. ಬೀದರಿಗೆ ಹೈದರಾಬಾದ್ ಹತ್ತಿರ ಇದ್ದರೂ ಕರ್ನಾಟಕದ ಕಾಲೇಜುಗಳ ಪಟ್ಟಿ ಸಾಮಾನ್ಯವಾಗಿ ಬೆಂಗಳೂರು ಆಫೀಸಿನ ಕೈಯಲ್ಲಿ ಇರುತ್ತದೆ. ನಮ್ಮ ಕಡೆಯ ಕಾಲೇಜು ಪಟ್ಟಿಯಿಂದ ಬಿದ್ದರೆ ದೂರ, ಇಲ್ಲವೆ ಆಫರ್ ತೆಗೆದುಕೊಂಡು ಸೇರದ ಹುಡುಗರು ಕಾರಣ. ಪಕ್ಷ ಅಲ್ಲ.

ರಾಜಕೀಯ ಅಡ್ಡ ಬರುವುದು ಬೇರೆ ಎರಡು ದಾರಿಯಿಂದ. ಒಂದು, ಡ್ರೈವ್ ಇಟ್ಟ ದಿನವೇ ಬಂದ್ ಅಥವಾ ಗೇಟಿನ ಮುಂದೆ ಧರಣಿ. ತಂಡ ಸ್ಟೇಷನ್ನಿನಿಂದಲೇ ವಾಪಸ್ ಹೋದರೆ ಮುಂದಿನ ವರ್ಷ ಆ ಸಾಲನ್ನೇ ಅಳಿಸುತ್ತಾರೆ, ಕಾರಣ ಯಾರಿಗೂ ಬರೆದು ಕೊಡುವುದಿಲ್ಲ. ಎರಡನೆಯದು ಇನ್ನೂ ಕೆಟ್ಟದ್ದು: ಗಲಾಟೆಯಿಂದ ಪರೀಕ್ಷೆ ಮುಂದಕ್ಕೆ ಹೋಗುವುದು. ಪರೀಕ್ಷೆ ತಡ, ಫಲಿತಾಂಶ ತಡ, ಪ್ರೊವಿಶನಲ್ ಸರ್ಟಿಫಿಕೇಟ್ ತಡ. ಬ್ಯಾಂಕ್ ನೇಮಕಾತಿ ನಡೆಸುವ ಐಬಿಪಿಎಸ್ ಅಧಿಸೂಚನೆ ತೆಗೆದು ನೋಡಿ, ಇಂಥ ತಾರೀಖಿಗೆ ಅಥವಾ ಅದಕ್ಕೂ ಮೊದಲು ಡಿಗ್ರಿ ಫಲಿತಾಂಶ ಪ್ರಕಟ ಆಗಿರಬೇಕು ಎಂದು ಇರುತ್ತದೆ. ಮಾರನೇ ದಿನ ಫಲಿತಾಂಶ ಬಂದರೂ ಆ ವರ್ಷ ಮುಗಿಯಿತು. ಅಲ್ಲಿ ಕಾಲೇಜಿನ ಬಣ್ಣ ಯಾರೂ ನೋಡಿರುವುದಿಲ್ಲ, ತಾರೀಖು ನೋಡಿರುತ್ತಾರೆ.

ಮಗಳಿಗೆ ಹೇಳಿ: ಪ್ಲೇಸ್‌ಮೆಂಟ್ ಆಫೀಸರ್ ಹತ್ತಿರ ಹಿಂದಿನ ಎರಡು ವರ್ಷದ ಆಫರ್ ಎಷ್ಟು, ಸೇರಿದವರು ಎಷ್ಟು, ಎರಡೂ ಲೆಕ್ಕ ಕೇಳಲಿ. ಬರೀ ಆಫರ್ ಲೆಕ್ಕ ಬ್ಯಾನರ್‌ಗೆ ಆಗುತ್ತದೆ. ಏಳನೇ ಸೆಮ್ ಶುರುವಾಗುವ ಮುಂಚೆಯೇ ಹೈದರಾಬಾದ್ ಮತ್ತು ಪುಣೆಯ ಆಫ್‌ಕ್ಯಾಂಪಸ್ ಅರ್ಜಿ ಹಾಕಲು ಶುರು ಮಾಡಲಿ.

ಸೇಡಂ ಬಂಡಿ:
ಮೇಡಂ ಇದಕ್ಕ ಭಾಳ ಸುಲಭ ಉಪಾಯ ಅದ. ಒಂದು ಮೆಸೇಜ್ ಬಂದದ, ಎಲ್ಲರೂ ಓದ್ರಿ: "ನಿಮ್ಮ ಕಾಲೇಜಿಗೆ ಕೆಟ್ಟ ಹೆಸರಿದ್ದರೆ ರೆಸ್ಯೂಮ್‌ನಲ್ಲಿ ಕಾಲೇಜಿನ ಹೆಸರು ತೆಗೆದು ವಿಶ್ವವಿದ್ಯಾಲಯದ ಹೆಸರು ಮಾತ್ರ ಹಾಕಿ. ಎಚ್‌ಆರ್‌ಗೆ ತಿಳಿಯುವುದಿಲ್ಲ. ಹತ್ತು ಜನರಿಗೆ ಕಳಿಸಿ."

ನೇಮಕಾತಿ ಮೇಡಂ:
ತಿಳಿಯುತ್ತದೆ. ವಿಟಿಯು (ಇಂಜಿನಿಯರಿಂಗ್ ವಿಶ್ವವಿದ್ಯಾಲಯ) ಹುಡುಗರ ವಿದ್ಯಾರ್ಥಿ ಸಂಖ್ಯೆ, ಅಂದರೆ ಯುಎಸ್‌ಎನ್ ಮೊದಲ ಅಂಕಿ 3 ಇದ್ದರೆ ಕಲಬುರಗಿ ವಲಯ, ಅದರ ಮುಂದಿನ ಎರಡು ಅಕ್ಷರ ಕಾಲೇಜು, ಆಮೇಲಿನ ಎರಡು ಅಂಕಿ ಸೇರಿದ ವರ್ಷ. ಯುಎಸ್‌ಎನ್ ಕೇಳದ ಅರ್ಜಿ ಇಲ್ಲ. ಮಾರ್ಕ್ಸ್ ಕಾರ್ಡ್, ಟಿಸಿಯಲ್ಲೂ ಕಾಲೇಜಿನ ಹೆಸರೇ ಇರುತ್ತದೆ. ರೆಸ್ಯೂಮಿನಲ್ಲಿ ಒಂದು, ದಾಖಲೆಯಲ್ಲಿ ಇನ್ನೊಂದು ಇದ್ದರೆ ವೆರಿಫಿಕೇಶನ್ ವರದಿಯಲ್ಲಿ "ಮಿಸ್‌ಮ್ಯಾಚ್" ಎಂದು ಕೆಂಪು ಬೀಳುತ್ತದೆ. ಕಾಲೇಜಿನ ಹೆಸರಿಗೆ ಹೋಗದ ನೌಕರಿ ಮುಚ್ಚಿಟ್ಟಿದ್ದಕ್ಕೆ ಹೋಗುತ್ತದೆ. ಫಾರ್ವರ್ಡ್ ಬೇಡ ಎಂದು ಮೇಲೆಯೇ ಬರೆದಿದೆ.

ಹುಮನಾಬಾದ್ ಅಮ್ಮ:
ನಮ್ಮದು ಸ್ವಲ್ಪ ಬ್ಯಾರೆ ಅದ ಮೇಡಂ. ಮಗ ಬಿಕಾಂ ಸೇರಿದಾಗ ಕಾಲೇಜು ಒಬ್ಬ ರಾಜಕಾರಣಿ ಟ್ರಸ್ಟಿಂದು, ಅವರ ತಂದಿ ಹೆಸರಿತ್ತು. ನಡುವ ಆಡಳಿತ ಬ್ಯಾರೆಯವರಿಗೆ ಹೋಯ್ತು, ಹೆಸರೂ ಬದಲಿ ಆಯ್ತು. ಈಗ ಮೊದಲ ಮೂರು ಸೆಮ್ ಮಾರ್ಕ್ಸ್ ಕಾರ್ಡಿನ ಮ್ಯಾಲ ಹಳೇ ಹೆಸರು, ಉಳಿದದ್ರಾಗ ಹೊಸ ಹೆಸರು. ಕಂಪನಿ ಫಾರ್ಮ್‌ದಾಗ ಒಂದೇ ಹೆಸರು ಹಾಕ್ಲಿಕ್ಕೆ ಜಾಗ ಅದ. ಹಳೇ ಹೆಸರು ಹಾಕಿದ್ರ ಆ ಲೀಡರ್ ಕಾಲೇಜು ಅಂತಾರ, ಹೊಸದು ಹಾಕಿದ್ರ ಮಾರ್ಕ್ಸ್ ಕಾರ್ಡಿಗೆ ಹೊಂದಂಗಿಲ್ಲ.

ನೇಮಕಾತಿ ಮೇಡಂ:
ಅಮ್ಮಾ, ಇದು ಒಳ್ಳೆಯ ಪ್ರಶ್ನೆ. ಆಡಳಿತ ಕೈ ಬದಲಾದ ಕಡೆಯೆಲ್ಲ ಇದೇ ಗೋಳು.

ಲೀಡರ್ ಚಿಂತೆ ಬಿಡಿ. ಹಳೇ ಹೆಸರು ನೋಡಿ ಯಾರ ತಂದೆಯ ಹೆಸರು ಎಂದು ಪುಣೆಯಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ಚಿಂತೆ ಮಾಡಬೇಕಾದ್ದು ವೆರಿಫಿಕೇಶನ್ ಹುಡುಗ ಕಾಲೇಜನ್ನು ಹುಡುಕಿದಾಗ ಹಳೇ ಹೆಸರಿನದು ಸಿಗದಿದ್ದರೆ ಏನಾಗುತ್ತದೆ ಎಂಬುದು. ಅವನಿಗೆ ಎದ್ದು ಕಾಣುವ ಅನುಮಾನ ಒಂದೇ, ನಕಲಿ ಕಾಲೇಜು.

ಮೊದಲು ವಿಶ್ವವಿದ್ಯಾಲಯದ ಕುಲಸಚಿವರ ಕಚೇರಿಯಿಂದ ಹೆಸರು ಬದಲಾವಣೆಗೆ ಅನುಮತಿ ಕೊಟ್ಟ ಅಧಿಸೂಚನೆ ಅಥವಾ ಸುತ್ತೋಲೆಯ ಪ್ರತಿ ತೆಗೆದುಕೊಳ್ಳಿ. ಕಾಲೇಜಿನಲ್ಲಿ ಒಂದು ಪ್ರತಿ ಇದ್ದೇ ಇರುತ್ತದೆ, ಕೊಡದಿದ್ದರೆ ವಿಶ್ವವಿದ್ಯಾಲಯಕ್ಕೆ ಆರ್‌ಟಿಐ ಹಾಕಬಹುದು, ಅದು ಸಾರ್ವಜನಿಕ ಪ್ರಾಧಿಕಾರ. ಪ್ರಾಂಶುಪಾಲರಿಂದ ಒಂದು ಪತ್ರ: ಇಂಥ ವರ್ಷದಿಂದ ಹೆಸರು ಬದಲಾಗಿದೆ, ಈ ನೋಂದಣಿ ಸಂಖ್ಯೆಯ ವಿದ್ಯಾರ್ಥಿ ಎರಡೂ ಹೆಸರಿನಲ್ಲಿ ಒಂದೇ ಕೋರ್ಸ್ ಓದಿದ್ದಾನೆ. ಲೆಟರ್‌ಹೆಡ್ಡಿನಲ್ಲಿ ಈಗ ಎತ್ತುವ ಫೋನ್ ನಂಬರ್ ಇರಲಿ. ಹಳೇ ಆಡಳಿತದ ನಂಬರಿಗೆ ಫೋನ್ ಮಾಡಿ "ಅಂಥ ಹುಡುಗ ನಮಗೆ ಗೊತ್ತಿಲ್ಲ" ಎಂಬ ಉತ್ತರ ಬಂದರೆ ಅದೂ ವರದಿಗೆ ಏರುತ್ತದೆ.

ಫಾರ್ಮಿನಲ್ಲಿ ಹೊಸ ಹೆಸರು ಬರೆದು, ಪಕ್ಕದಲ್ಲೇ "ಹಿಂದಿನ ಹೆಸರು ಇಂಥದ್ದು" ಎಂದು ಸೇರಿಸಿ. ಜಾಗ ಸಾಲದಿದ್ದರೆ ರಿಮಾರ್ಕ್ಸ್ ಕಾಲಂ. ರೆಸ್ಯೂಮಿನಲ್ಲೂ ಅಕ್ಷರ ಬದಲಾಗದೆ ಅದೇ ಸಾಲು. ಅಧಿಸೂಚನೆ ಮತ್ತು ಪತ್ರ ಎರಡನ್ನೂ ಮಾರ್ಕ್ಸ್ ಕಾರ್ಡ್ ಜೊತೆ ಒಂದೇ ಪಿಡಿಎಫ್ ಮಾಡಿ ಹಾಕಿ, ಬೇರೆ ಬೇರೆ ಹಾಕಿದರೆ ಯಾರೂ ತೆರೆಯುವುದಿಲ್ಲ. ಡಿಜಿಲಾಕರ್‌ನಲ್ಲಿ ಮಾರ್ಕ್ಸ್ ಕಾರ್ಡ್ ಬಂದಿದ್ದರೆ ಅದನ್ನೂ ಕೊಡಿ, ಅಲ್ಲಿಗೆ ನಕಲಿ ಅನುಮಾನ ಮುಗಿಯುತ್ತದೆ.

ಹುಮನಾಬಾದ್ ಅಮ್ಮ:
ಭಾಳ ಉಪಕಾರ ಆಯ್ತ್ರಿ ಮೇಡಂ. ಸೋಮವಾರನ ಕಾಲೇಜಿಗೆ ಕಳಸ್ತೀನಿ.

ಗುರಮಠಕಲ್:
ನನ್ ತಮ್ಮ ದಿಲ್ಲಿ ಜೆಎನ್‌ಯುದಾಗ ಎಂಎ ಮಾಡ್ಬೇಕಂತಾನ. ಊರಾಗ ಎಲ್ಲರೂ ಬ್ಯಾಡ ಅನ್ಲತ್ತಾರ. ಮುಂದ ನೌಕರಿ?

ತೊಗರಿ ಕಣಜ:
ಬ್ಯಾಡ ಅಂತ ಹೇಳ್ರಿ. 2016ರ ಗಲಾಟಿ ಟಿವಿಯಾಗ ನೋಡಿಲ್ಲೇನು? ಆ ಹೆಸರು ಕಂಡ್ರ ಯಾರೂ ಒಳಗ ಕರೆಯಂಗಿಲ್ಲ.

ಶಹಾಪುರದವ:
ಕಣಜ ಕಾಕಾ, ನಿರ್ಮಲಾ ಸೀತಾರಾಮನ್ ಓದಿದ್ದು ಎಲ್ಲಿ? ಜೈಶಂಕರ್ ಪಿಎಚ್‌ಡಿ ಎಲ್ಲಿ ಮಾಡ್ಯಾರ? 2019ರಾಗ ನೊಬೆಲ್ ತಗೊಂಡ ಅಭಿಜಿತ್ ಬ್ಯಾನರ್ಜಿ ಎಂಎ ಎಲ್ಲಿ? ಮೂವರೂ ಜೆಎನ್‌ಯು.

ತೊಗರಿ ಕಣಜ:
ಅವರೆಲ್ಲ 2016ಕ್ಕಿಂತ ಮೊದಲಿನವರು ತಮ್ಮಾ. ಮಂತ್ರಿ ಆದವರ ಲೆಕ್ಕ ಬ್ಯಾರೆ, ಬಾಡಗಿ ರೂಮಿನ್ಯಾಗ ಕುಂತು ಅರ್ಜಿ ಹಾಕೋ ಹುಡುಗರ ಲೆಕ್ಕ ಬ್ಯಾರೆ. ಅಮೆರಿಕದಾಗೂ ಹಿಂಗೇ ಅದ. ಕೊಲಂಬಿಯಾ ಯೂನಿವರ್ಸಿಟಿ ಹುಡುಗರನ್ನ ತಗೊಳ್ಳಂಗಿಲ್ಲ ಅಂತ ಜಡ್ಜ್‌ಗಳೇ ಪತ್ರ ಬರದಾರ.

ಶಹಾಪುರದವ:
ಅದು ವಾಟ್ಸಾಪ್ ಯೂನಿವರ್ಸಿಟಿ ಸುದ್ದಿ ಇರಬೇಕು.

ನೇಮಕಾತಿ ಮೇಡಂ:
ಅಲ್ಲ, ಅದು ನಿಜ. 2024ರ ಮೇನಲ್ಲಿ ಗಾಜಾ ಯುದ್ಧದ ಕುರಿತ ಕ್ಯಾಂಪಸ್ ಪ್ರತಿಭಟನೆಗಳ ಹಿನ್ನೆಲೆಯಲ್ಲಿ 13 ಫೆಡರಲ್ ನ್ಯಾಯಾಧೀಶರು ಬರೆದ ಪತ್ರ. ಆ ವರ್ಷದಿಂದ ಕೊಲಂಬಿಯಾಕ್ಕೆ ಸೇರುವವರನ್ನು ತಮ್ಮ ಕ್ಲರ್ಕ್ ಆಗಿ ತೆಗೆದುಕೊಳ್ಳುವುದಿಲ್ಲ ಎಂದರು. ಅಲ್ಲಿ ಲಾ ಕ್ಲರ್ಕ್ ಎಂದರೆ ನ್ಯಾಯಾಧೀಶರು ತಾವೇ ಆರಿಸಿಕೊಳ್ಳುವ ಸಹಾಯಕ, ನಮ್ಮ ಗುಮಾಸ್ತ ಹುದ್ದೆ ಅಲ್ಲ. ಆದರೆ ಪೂರ್ತಿ ಓದಿ: 13 ಮಂದಿ, ಮುಂದೆ ಸೇರುವವರಿಗೆ ಮಾತ್ರ. ಅದಕ್ಕೂ ಮುಂಚೆ 2023ರ ಅಕ್ಟೋಬರಿನಲ್ಲಿ ದೊಡ್ಡ ವಕೀಲಿ ಸಂಸ್ಥೆಗಳು ಕೊಟ್ಟ ಆಫರ್ ವಾಪಸ್ ತೆಗೆದುಕೊಂಡದ್ದು ಇಸ್ರೇಲ್ ಮತ್ತು ಹಮಾಸ್ ಯುದ್ಧದ ಬಗ್ಗೆ ಹೇಳಿಕೆ ಕೊಟ್ಟ ಅಥವಾ ಹೇಳಿಕೆ ಕೊಟ್ಟ ಸಂಘಟನೆಗಳ ಮುಂದಾಳುಗಳಾದ ಬೆರಳೆಣಿಕೆಯ ವಿದ್ಯಾರ್ಥಿಗಳದು. ಕಾಲೇಜು ಪೂರ್ತಿ ಅಲ್ಲ. ಒಂದು ಕಡೆ ಕಾಲೇಜಿನ ಮೇಲೆ ಸಿಟ್ಟು, ಇನ್ನೊಂದು ಕಡೆ ವ್ಯಕ್ತಿಯ ಮೇಲೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ.

ಗುರಮಠಕಲ್ ಅವರಿಗೆ: ತಮ್ಮ ಸರ್ಕಾರಿ ನೌಕರಿ ಅಥವಾ ಪ್ರಾಧ್ಯಾಪಕ ಹುದ್ದೆ ನೋಡುತ್ತಿದ್ದರೆ ಹೋಗಲಿ, ಯುಪಿಎಸ್‌ಸಿ, ನೆಟ್ ಬರೆಯುವವರಿಗೆ ಆ ಗ್ರಂಥಾಲಯ ಸಾಕು. ಎರಡು ವರ್ಷಕ್ಕೇ ಖಾಸಗಿ ಕಂಪನಿ ಬೇಕು ಎಂದಾದರೆ ಸಮಸ್ಯೆ ಕಾಲೇಜಿನ ಬಣ್ಣ ಅಲ್ಲ, ಇತಿಹಾಸದಂಥ ವಿಷಯದ ಎಂಎಗೆ ಎಲ್ಲಿ ಓದಿದರೂ ಕ್ಯಾಂಪಸ್ ನೌಕರಿ ಕಡಿಮೆ.

ಬಣ್ಣ ಕೆಲಸ ಮಾಡುವ ಜಾಗ ಇಲ್ಲವೇ ಇಲ್ಲ ಎನ್ನುವುದಿಲ್ಲ. ಪಕ್ಷದವರದೇ ಶಿಕ್ಷಣ ಸಂಸ್ಥೆ, ಮಠದ ಶಾಲೆ, ಸಣ್ಣ ಪತ್ರಿಕೆ, ಕುಟುಂಬದ ವ್ಯವಹಾರ. ಇಂಥಲ್ಲಿ ಜಾಹೀರಾತು ಇರುವುದಿಲ್ಲ, ಪರಿಚಯದ ಮೇಲೆ ಕರೆಯುತ್ತಾರೆ, "ಆ ಕಾಲೇಜಿನವನಾ" ಎಂದು ಕೇಳಿಯೇ ಕೇಳುತ್ತಾರೆ. ಖಾಸಗಿಯವರು ಹಾಗೆ ಕೇಳಬಾರದು ಎಂದು ತಡೆಯುವ ಕಾನೂನು ನಿಮ್ಮ ಕೈಯಲ್ಲಿ ಇಲ್ಲ. ಸಂವಿಧಾನದ 16ನೇ ವಿಧಿ ಸರ್ಕಾರಿ ನೌಕರಿಗೆ.

ವಕೀಲ, ಕಲಬುರಗಿ:
ಮೇಡಂ ಮಾತಿಗೆ ಒಂದು ಸೇರಿಸ್ತೀನಿ. ಮಧ್ಯಪ್ರದೇಶದ ಒಬ್ಬ ಶಿಕ್ಷಕರನ್ನು ಹಿಂದೆ ಆರೆಸ್ಸೆಸ್, ಜನಸಂಘದ ಚಟುವಟಿಕೆಯಲ್ಲಿ ಇದ್ದರು ಎಂಬ ಪೊಲೀಸ್ ವರದಿ ಮೇಲೆ ಸರ್ಕಾರ ತೆಗೆದುಹಾಕಿತ್ತು. ಸುಪ್ರೀಂ ಕೋರ್ಟ್ 1983ರಲ್ಲಿ ರಾಮಶಂಕರ್ ರಘುವಂಶಿ ಪ್ರಕರಣದಲ್ಲಿ ಅದು ನಡೆಯಲ್ಲ ಎಂದಿತು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಬರೆದ ತೀರ್ಪು. ಎಡಕ್ಕೂ ಬಲಕ್ಕೂ ಅದೇ ಅಳತೆ.

ತೊಗರಿ ಕಣಜ:
ತೀರ್ಪು ಓದಿ ಯಾರ್ ನೌಕರಿ ಕೊಡ್ತಾರ ಸರ್.

ಆಳಂದ ಕಾಕಾ:
ಮೇಡಂ, ದಯಮಾಡಿ ಇದಕ್ಕ ಉತ್ತರ ಕೊಡ್ರಿ. ಮಗ ಎಸ್‌ಎಸ್‌ಸಿ ಪಾಸಾಗಿ ಕೇಂದ್ರದ ಒಂದು ಇಲಾಖೆಗೆ ಆಯ್ಕಿ ಆಗ್ಯಾನ. ಹಿನ್ನೆಲೆ ವಿವರ ಕೇಳೋ ಅಟೆಸ್ಟೇಶನ್ ಫಾರ್ಮ್ ಬಂದದ, ಬರೋ ಶುಕ್ರವಾರದೊಳಗ ಕಳಸಬೇಕು. ಡಿಗ್ರಿ ಓದುವಾಗ ಕಲಬುರಗಿಯಾಗ ಹಾಸ್ಟೆಲ್ದಾಗ ಇದ್ದ. ಆ ಕಾಲೇಜು ಮೊದಲಿಂದ ಹೋರಾಟದ ಕಾಲೇಜು ಅಂತನೇ ಹೆಸರು. 2023ರ ನವೆಂಬರ್‌ದಾಗ ಸ್ಕಾಲರ್‌ಶಿಪ್ ಸಂಬಂಧ ರಸ್ತಾ ತಡೆ ಮಾಡಿದ್ರು. ಎಫ್‌ಐಆರ್ ಆಗ್ಯದ, 26 ಮಂದಿ ಹೆಸರು, ನಮ್ಮವ 11ನೇ ಆರೋಪಿ. ಅರೆಸ್ಟ್ ಆಗಿಲ್ಲ, ಸ್ಟೇಷನ್ನಿಗೂ ಕರೆದಿಲ್ಲ. ಊರಾಗಿನವರು ಎಲ್ಲಾದಕ್ಕೂ "ಇಲ್ಲ" ಅಂತ ಬರೀರಿ, ಹಾಸ್ಟೆಲ್ ವಿಳಾಸನೂ ಹಾಕಬ್ಯಾಡ್ರಿ ಅಂದಾರ.

ನೇಮಕಾತಿ ಮೇಡಂ:
ಕಾಕಾ, ಫಾರ್ಮ್ ಮೇಲೆ ಇನ್ನೂ ಏನೂ ಬರೆಯಬೇಡಿ. ಊರಿನವರು ಹೇಳಿದ ಎರಡೂ ಮಾತು ತಪ್ಪು, ಎರಡೂ ಅಪಾಯ.

ಫಾರ್ಮಿನ ತಲೆಯಲ್ಲೇ ಎಚ್ಚರಿಕೆ ಅಚ್ಚಾಗಿದೆ ನೋಡಿ: ಸುಳ್ಳು ಮಾಹಿತಿ ಕೊಟ್ಟರೆ ಅಥವಾ ಮುಚ್ಚಿಟ್ಟರೆ ಅದೇ ಅನರ್ಹತೆ. ಹಿಂದಿನ ಐದು ವರ್ಷದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಇದ್ದ ಪ್ರತಿ ಜಾಗದ ವಿಳಾಸ ಕೇಳಿದ್ದಾರೆ. ಹಾಸ್ಟೆಲ್ ಅದರಲ್ಲಿ ಬರುತ್ತದೆ. ಡಿಗ್ರಿ ಕಲಬುರಗಿಯಲ್ಲಿ, ವಿಳಾಸ ಆಳಂದದ್ದು ಮಾತ್ರ ಎಂದರೆ ಮೂರು ವರ್ಷ ಎಲ್ಲಿದ್ದ ಎಂದು ಓದಿದ ಕೂಡಲೇ ಕೇಳುತ್ತಾರೆ.

ಆಮೇಲಿನ ಕಾಲಂ ಒಂದೇ ಪ್ರಶ್ನೆ ಅಲ್ಲ, ಒಂದರ ಕೆಳಗೊಂದು ಸಣ್ಣ ಪ್ರಶ್ನೆಗಳಿವೆ. ಬಂಧನ ಆಗಿದೆಯೇ, ಮೊಕದ್ದಮೆ ಹೂಡಲಾಗಿದೆಯೇ, ಮುಚ್ಚಳಿಕೆ ಬರೆಸಿಕೊಂಡಿದ್ದಾರೆಯೇ, ಕೋರ್ಟ್ ದಂಡ ಹಾಕಿದೆಯೇ, ಶಿಕ್ಷೆ ಆಗಿದೆಯೇ, ಪರೀಕ್ಷೆಯಿಂದ ಡಿಬಾರ್ ಅಥವಾ ವಿಶ್ವವಿದ್ಯಾಲಯದಿಂದ ರಸ್ಟಿಕೇಟ್ ಆಗಿದ್ದಿದೆಯೇ, ಈ ಫಾರ್ಮ್ ತುಂಬುವ ಹೊತ್ತಿಗೆ ಯಾವುದಾದರೂ ಕೋರ್ಟಿನಲ್ಲಿ ಕೇಸ್ ಬಾಕಿ ಇದೆಯೇ. ಪ್ರತಿಯೊಂದಕ್ಕೂ ಬೇರೆ ಉತ್ತರ ಬರಬಹುದು. ನಿಮ್ಮ ಮಗನಿಗೆ "ಬಂಧನ: ಇಲ್ಲ" ಸರಿ. "ಮೊಕದ್ದಮೆ" ಮತ್ತು "ಬಾಕಿ ಕೇಸ್" ಏನು ಬರೆಯಬೇಕು ಎಂಬುದು ಚಾರ್ಜ್‌ಶೀಟ್ ಆಗಿದೆಯೋ ಇಲ್ಲವೋ ಎಂಬುದರ ಮೇಲೆ ಇದೆ, ಅದು ನಿಮಗೆ ಈಗ ಗೊತ್ತಿಲ್ಲ.

ನಾಳೆಯೇ ಮಾಡಬೇಕಾದ್ದು: ಠಾಣೆಯ ಹೆಸರು, ಕ್ರೈಂ ನಂಬರ್, ವರ್ಷ ತೆಗೆದುಕೊಳ್ಳಿ, ಎಫ್‌ಐಆರ್ ಪ್ರತಿ ರಾಜ್ಯ ಪೊಲೀಸ್ ವೆಬ್‌ಸೈಟಿನಲ್ಲೂ ಹುಡುಕಬಹುದು. ಆಮೇಲೆ ಇ‑ಕೋರ್ಟ್ಸ್‌ನಲ್ಲಿ ಕಲಬುರಗಿ ಜಿಲ್ಲೆ ಆರಿಸಿ ಎಫ್‌ಐಆರ್ ನಂಬರ್ ಮೇಲೆ ಹುಡುಕಿ. ಸಿಗದಿದ್ದರೆ ಹೆಸರಿನ ಮೇಲೆ, ಇಂಗ್ಲಿಷ್ ಸ್ಪೆಲ್ಲಿಂಗ್ ಎರಡು ಮೂರು ಬಗೆ ಹಾಕಿ. 26 ಮಂದಿಯಲ್ಲಿ ಮೊದಲ ಆರೋಪಿಯ ಹೆಸರಿನ ಮೇಲೂ ಹುಡುಕಿ, ಪಟ್ಟಿಯಲ್ಲಿ ಅವನೊಬ್ಬನ ಹೆಸರೇ ಕಾಣುವುದು, ಉಳಿದವರು ಒಳಗೆ ಇರುತ್ತಾರೆ. ಬಿ ರಿಪೋರ್ಟ್ (ಪೊಲೀಸರು ಕೇಸ್ ಮುಚ್ಚಲು ಕೊಡುವ ವರದಿ) ಆಗಿದ್ದರೆ ಅದರ ದೃಢೀಕೃತ ನಕಲು. ಚಾರ್ಜ್‌ಶೀಟ್ ಆಗಿದ್ದರೆ ಸಿಸಿ ನಂಬರ್, ಅಂದರೆ ಕೋರ್ಟಿನ ಕೇಸ್ ನಂಬರ್, ಸಿಗುತ್ತದೆ.

ನನಗೆ ನಿಜವಾಗಿ ಚಿಂತೆ ಇರುವುದು ಇಲ್ಲಿ: "ಸ್ಟೇಷನ್ನಿಗೂ ಕರೆದಿಲ್ಲ" ಎಂದಿರಿ. ಎಫ್‌ಐಆರ್‌ನಲ್ಲಿ ಹಾಸ್ಟೆಲ್ ವಿಳಾಸ ಇದ್ದರೆ ಸಮನ್ಸ್ ಅಲ್ಲಿಗೇ ಹೋಗಿರುತ್ತದೆ. ಹುಡುಗ ಹಾಸ್ಟೆಲ್ ಬಿಟ್ಟಿದ್ದಾನೆ, ಸಮನ್ಸ್ ಜಾರಿ ಆಗದೆ ವಾಪಸ್. ಹಾಗೇ ಎರಡು ಮೂರು ತಾರೀಖು ದಾಟಿದರೆ ವಾರಂಟ್. ಮಗನಿಗೆ ಗೊತ್ತೇ ಇಲ್ಲದೆ ವಾರಂಟ್ ಇರುವ ಸ್ಥಿತಿಯಲ್ಲಿ ಪೊಲೀಸ್ ವೆರಿಫಿಕೇಶನ್ ಆ ಠಾಣೆಗೇ ಬಂದರೆ, ರಸ್ತೆ ತಡೆಯ ಸಣ್ಣ ಕೇಸ್ "ತಲೆಮರೆಸಿಕೊಂಡ ಆರೋಪಿ" ಆಗುತ್ತದೆ.

ಈಗ ಧೈರ್ಯದ ಮಾತು. ಅವತಾರ್ ಸಿಂಗ್ ಪ್ರಕರಣದಲ್ಲಿ 2016ರ ಜುಲೈ 21ರಂದು ಸುಪ್ರೀಂ ಕೋರ್ಟ್ ಮೂವರು ನ್ಯಾಯಮೂರ್ತಿಗಳ ಪೀಠ ಇಂಥ ಫಾರ್ಮ್‌ಗಳ ಬಗ್ಗೆಯೇ ನಿಯಮ ಹಾಕಿದೆ. ಮಾಹಿತಿ ಸತ್ಯ ಇರಬೇಕು ಎಂಬುದು ಮೊದಲನೆಯದು. ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣ ಮುಚ್ಚಿಟ್ಟಿದ್ದರೂ ಇಲಾಖೆ ತನ್ನ ವಿವೇಚನೆಯಿಂದ ಮನ್ನಿಸಬಹುದು ಎಂದೂ ಇದೆ, ಘೋಷಣೆಯ ಉದಾಹರಣೆ ಕೋರ್ಟೇ ಕೊಟ್ಟಿದ್ದು. ಮನ್ನಿಸಲೇಬೇಕು ಎಂದಲ್ಲ. ಸತ್ಯ ಹೇಳಿದ ಮೇಲೂ ಹಿನ್ನೆಲೆ ತೂಗಿ ನೋಡುವ ಹಕ್ಕು ಇಲಾಖೆಗೆ ಉಳಿದಿದೆ. ಆದರೆ ಹೇಳಿದವನ ಮೇಲೆ ಒಂದೇ ಪ್ರಶ್ನೆ, ಮುಚ್ಚಿಟ್ಟವನ ಮೇಲೆ ಎರಡು.

ಇಡೀ ಫಾರ್ಮಿನಲ್ಲಿ ಕಾಲೇಜು ಯಾವ ಕಡೆಯದು ಎಂಬ ಕಾಲಂ ಇಲ್ಲ. ಹೋರಾಟದ ಕಾಲೇಜು ಎಂಬ ಭಯ ಬಿಟ್ಟು ಸಿಸಿ ನಂಬರ್ ಹುಡುಕಿ.

ಚಿತ್ತಾಪುರ 22:
ಮೇಡಂ ಪಿಎಸ್‌ಐ ಹಗರಣ ಆದ ಮ್ಯಾಲ ಕಲಬುರಗಿ ಅಭ್ಯರ್ಥಿ ಅಂದ್ರನೇ ಸಂಶಯದಿಂದ ನೋಡ್ತಾರಂತಲ್ಲ? ಅದಕ್ಕ ಕಾರಣ ರಾಜಕೀಯದವರ ಸಾಲಿ.

ನೇಮಕಾತಿ ಮೇಡಂ:
545 ಪಿಎಸ್‌ಐ ಹುದ್ದೆಗೆ ಪರೀಕ್ಷೆ ನಡೆದದ್ದು 2021ರ ಅಕ್ಟೋಬರ್, ರದ್ದಾದದ್ದು 2022ರ ಏಪ್ರಿಲ್, ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮರುಪರೀಕ್ಷೆ ನಡೆಸಿದ್ದು 2024ರ ಜನವರಿಯಲ್ಲಿ ಬೆಂಗಳೂರಿನಲ್ಲಿ. ಕೆಟ್ಟ ಹೆಸರು ಬಂದದ್ದು ಪರೀಕ್ಷಾ ಕೇಂದ್ರಕ್ಕೆ. ಕೇಂದ್ರ ಬೇರೆ, ಓದಿದ ಕಾಲೇಜು ಬೇರೆ. ಪ್ರಾಮಾಣಿಕವಾಗಿ ಬರೆದವರು ಕಳೆದುಕೊಂಡದ್ದು ಎರಡು ವರ್ಷ, ವಯೋಮಿತಿ ಹತ್ತಿರ ಇದ್ದವರಿಗೆ ಅದು ದೊಡ್ಡದು. ಅಂಕ ನೋಡಿ ಆಯ್ಕೆ ಮಾಡುವ ಪಟ್ಟಿಯಲ್ಲಿ ಜಿಲ್ಲೆಯ ಮೇಲಿನ ಸಂಶಯಕ್ಕೆ ಜಾಗ ಇಲ್ಲ.

ಸುರಪುರ:
ಟಿಸಿಯಲ್ಲಿ ನಡತೆ "ಸಾಧಾರಣ" ಅಂತ ಬರದಾರ, ಪ್ರಿನ್ಸಿಪಾಲರಿಗೆ ನಮ್ಮ ಸಂಘಟನೆ ಕಂಡ್ರ ಆಗಂಗಿಲ್ಲ. ಬದಲಾಯಿಸಬಹುದಾ?

ಭಾಲ್ಕಿ:
ದಿಲ್ಲಿಯಾಗ ಓದಿದ್ರ ನಮ್ಮ ಭಾಗದ 371ಜೆ ಮೀಸಲಾತಿ ಹೋಗ್ತದಾ?

ನೇಮಕಾತಿ ಮೇಡಂ:
ಹೋಗುವುದಿಲ್ಲ. ಅದು ಹುಟ್ಟು ಮತ್ತು ವಾಸದ ಮೇಲೆ, ಓದಿದ ಕಾಲೇಜಿನ ಮೇಲೆ ಅಲ್ಲ. ಅರ್ಹತಾ ಪ್ರಮಾಣಪತ್ರ ಸಹಾಯಕ ಆಯುಕ್ತರ ಕಚೇರಿಯಿಂದ.

ಸೇಡಂ ಬಂಡಿ:
ಆಳಂದ ಕಾಕಾ ಅವರಿಗೆ ಇದು ಉಪಯೋಗ ಆಗ್ತದ: "ಸುಪ್ರೀಂ ಕೋರ್ಟ್ ಹೊಸ ಆದೇಶ! ವಿದ್ಯಾರ್ಥಿ ಹೋರಾಟದ ಕೇಸುಗಳನ್ನು ಯಾವುದೇ ಫಾರ್ಮಿನಲ್ಲಿ ಬರೆಯಬೇಕಾಗಿಲ್ಲ. 100 ರೂಪಾಯಿ ಬಾಂಡ್ ಮೇಲೆ ನೋಟರಿ ಅಫಿಡವಿಟ್ ಸಾಕು."

ನೇಮಕಾತಿ ಮೇಡಂ:
ಯಾವ ಆದೇಶ? ತಾರೀಖು? ಪ್ರಕರಣದ ಹೆಸರು? ಮೂರೂ ಇಲ್ಲ. ಅವತಾರ್ ಸಿಂಗ್ ತೀರ್ಪನ್ನು ಯಾರೋ ತಿರುಚಿ ಬರೆದದ್ದು ಇದು. ಕೇಸ್ ಬಾಕಿ ಇದ್ದೂ "ಇಲ್ಲ" ಎಂದು ನೋಟರಿ ಮುಂದೆ ಸಹಿ ಹಾಕಿದರೆ ಹುಡುಗನ ಮೇಲೆ ಸುಳ್ಳು ಪ್ರಮಾಣದ ಇನ್ನೊಂದು ಕೇಸಿಗೆ ನೀವೇ ಕಾಗದ ಕೊಟ್ಟಂತೆ. ದಯವಿಟ್ಟು ಅಳಿಸಿ.

ಸೇಡಂ ಬಂಡಿ:
ನಾ ಒಳ್ಳೇದಕ್ಕ ಹಾಕಿದ್ದು. ಹಿಂಗ್ಯಾಕ್ ಮಾತಾಡ್ತೀರಿ?

ಶಹಾಪುರದವ:
ಅಣ್ಣಾ, ನೀ ಓದ್ದೇ ಫಾರ್ವರ್ಡ್ ಮಾಡ್ತಿ. ಆ ಕಾಕಾನ ಮಗನ ನೌಕರಿ ಹೋದ್ರ ನೀ ಕೊಡ್ತಿಯೇನು?

ತೊಗರಿ ಕಣಜ:
ಶಹಾಪುರದವ್ರೇ, ನೀವು ಎಲ್ಲರಿಗೂ ಪಾಠ ಹೇಳೋದು ಬಿಡ್ರಿ. ಹುಡುಗರು ರಸ್ತಾಕ್ಕ ಇಳಿದಿದ್ದಕ್ಕೇ ಇದೆಲ್ಲಾ. ಓದ್ಲಿಕ್ಕೆ ಹೋದವರು ಓದಬೇಕು.

ಶಹಾಪುರದವ:
ಸ್ಕಾಲರ್‌ಶಿಪ್ ವರ್ಷಗಟ್ಟಲೆ ಬರಲಿಲ್ಲ ಅಂದ್ರ ಹಾಸ್ಟೆಲ್ ಫೀ ನಿಮ್ಮ ಕಣಜದಿಂದ ಕಟ್ಟಬೇಕಿತ್ತೇನು?

ಗುಂಪು ನಿರ್ವಾಹಕ:
ಇಬ್ಬರೂ ಸಾಕು ಮಾಡ್ರಿ.

ಭೀಮಾ ದಂಡಿ:
ಮೇಡಂ, ರೆಸ್ಯೂಮ್‌ದಾಗ ಕಾಲೇಜ್ ಹೆಸರು ಬಿಟ್ಟು ಯೂನಿವರ್ಸಿಟಿ ಹೆಸರು ಮಾತ್ರ ಹಾಕಿದ್ರ ನಡೀತದೇನು?

ನೇಮಕಾತಿ ಮೇಡಂ:
ನಡೆಯುವುದಿಲ್ಲ. ಮೇಲೆ ಓದಿ.

ಚಿಂಚೋಳಿ ಕಾಡು:
ಅಮೆರಿಕಾಕ್ಕ ಎಂಎಸ್ ಹೋಗ್ಬೇಕು. ಕಾಲೇಜಿನ ಪ್ರತಿಭಟನಾ ಫೋಟೋ ಫೇಸ್‌ಬುಕ್‌ನ್ಯಾಗ ಅವ. ಅಕೌಂಟ್ ಡಿಲೀಟ್ ಮಾಡ್ರಿ ಅಂತ ಎಲ್ಲಾ ಗ್ರೂಪಿನ್ಯಾಗ ಬರ್ಲತ್ತದ.

ನೇಮಕಾತಿ ಮೇಡಂ:
ಡಿಎಸ್‑160 ಎಂಬ ಅಮೆರಿಕ ವೀಸಾ ಅರ್ಜಿ ಹಿಂದಿನ ಐದು ವರ್ಷದಲ್ಲಿ ಬಳಸಿದ ಸೋಷಿಯಲ್ ಮೀಡಿಯಾ ಐಡಿ ಎಲ್ಲ ಕೇಳುತ್ತದೆ. ಡಿಲೀಟ್ ಮಾಡಿದ್ದೂ ಬರೆಯಬೇಕು. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾದವರು ಅಕೌಂಟನ್ನು ಪಬ್ಲಿಕ್ ಇಡಬೇಕು ಎಂಬ ಸೂಚನೆಯೂ ಇದೆ. ಬರೆದ ಐಡಿ ತೆರೆದು ನೋಡಿದರೆ ಖಾಲಿ ಎಂದರೆ ಫೋಟೋಕ್ಕಿಂತ ಹೆಚ್ಚು ಪ್ರಶ್ನೆ ಹುಟ್ಟುತ್ತವೆ. ಇದು ವೀಸಾದ ಮಾತು, ನನ್ನ ಕೆಲಸದ ಹೊರಗಿನದು, ಮುಂದಿನದನ್ನು ವೀಸಾ ತಿಳಿದವರಲ್ಲಿ ಕೇಳಿ.

ಜೇವರ್ಗಿ ಹೊಲ:
ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಸೇವಾಸಿಂಧುದಾಗ ತಗೊಂಡು ಇಟ್ಕೊಂಡ್ರ ಕಾಲೇಜಿನ ಸಮಸ್ಯೆ ಬರಂಗಿಲ್ಲ ಅಲ್ರೀ?

ನೇಮಕಾತಿ ಮೇಡಂ:
ಎರಡಕ್ಕೂ ಸಂಬಂಧ ಇಲ್ಲ. ಕೇಳಿದಾಗ ತೆಗೆದುಕೊಳ್ಳಿ, ಹಳೇದು ನಡೆಯುವುದಿಲ್ಲ.

ಆಳಂದ ಕಾಕಾ:
ಮೇಡಂ, ಮಗ ಇ‑ಕೋರ್ಟ್ಸ್‌ದಾಗ ನೋಡ್ದ. ನೀವು ಹೇಳಿದಂಗ ಮೊದಲ ಆರೋಪಿ ಹೆಸರಿನ ಮ್ಯಾಲ ಸಿಕ್ತು. ಚಾರ್ಜ್‌ಶೀಟ್ 2025ರ ಫೆಬ್ರವರಿದಾಗ ಆಗ್ಯದ, ಸಿಸಿ ನಂಬರ್ ಅದ, "ಸಮನ್ಸ್" ಅಂತ ತೋರಸ್ತದ. ಸೆಕ್ಷನ್ 143, 341, 283, 188, 149. ಇಲ್ಲಿ ಒಬ್ಬರು ವಕೀಲರು ಲೋಕ ಅದಾಲತ್‌ದಾಗ ತಪ್ಪೊಪ್ಪಿಗೆ ಮಾಡಿ ಐದನೂರು ದಂಡ ಕಟ್ರಿ, ಒಂದೇ ದಿನಕ್ಕ ಮುಗೀತದ, ಆಮ್ಯಾಲ ಫಾರ್ಮ್‌ದಾಗ "ಬಾಕಿ ಇಲ್ಲ" ಅಂತ ಬರೀರಿ ಅಂದ್ರು.

ಸೇಡಂ ಬಂಡಿ:
ಇದು ಚೊಲೊ ಉಪಾಯ. ಎಲ್ಲಾರೂ ಹಂಗೇ ಮಾಡ್ತಾರ.

ನೇಮಕಾತಿ ಮೇಡಂ:
ಕಾಕಾ, ಬೇಡವೇ ಬೇಡ! ತಪ್ಪೊಪ್ಪಿಕೊಂಡು ಐದು ನೂರು ಕಟ್ಟಿದರೆ ಅದು ಶಿಕ್ಷೆ. ಆಮೇಲೆ "ಬಾಕಿ ಕೇಸ್: ಇಲ್ಲ" ಎಂದು ಬರೆಯಬಹುದು, ಆದರೆ "ದಂಡ ಆಗಿದೆಯೇ: ಹೌದು", "ಶಿಕ್ಷೆ ಆಗಿದೆಯೇ: ಹೌದು" ಎಂದೂ ಬರೆಯಬೇಕು. ಒಂದು ಹೌದು ತಪ್ಪಿಸಲು ಹೋಗಿ ಎರಡು ಹೌದು. ವಕೀಲರೇ, ನೀವು ಹೇಳಿ.

ವಕೀಲ, ಕಲಬುರಗಿ:
ಮೇಡಂ ಸರಿ ಹೇಳಿದ್ದಾರೆ. ದಿನಗೂಲಿಯವರ ಕೇಸ್ ಬೇಗ ಮುಗಿಸಲು ಮಾಡುವ ಉಪಾಯ ಅದು, ಸರ್ಕಾರಿ ನೌಕರಿ ಕಾಯುವವನಿಗೆ ಅಲ್ಲ. ಈ ಕೇಸಿನಲ್ಲಿ ಹೋರಾಡಲು ಅಂಶ ಇದೆ. ಘಟನೆ ಹೊಸ ಅಪರಾಧ ಕಾನೂನು ಜಾರಿಯಾದ 2024ರ ಜುಲೈ 1ಕ್ಕೆ ಮುಂಚಿನದು, ಹಾಗಾಗಿ ಹಳೇ ಐಪಿಸಿಯೇ. 143ಕ್ಕೆ (ಅಕ್ರಮ ಕೂಟ) ಗರಿಷ್ಠ ಆರು ತಿಂಗಳು, 341ಕ್ಕೆ (ಅಡ್ಡಗಟ್ಟುವುದು) ಒಂದು ತಿಂಗಳು, 283ಕ್ಕೆ (ರಸ್ತೆಗೆ ಅಡ್ಡಿ) ಇನ್ನೂರು ರೂಪಾಯಿ ದಂಡ. ಒಂದು ವರ್ಷದೊಳಗಿನ ಶಿಕ್ಷೆಯ ಅಪರಾಧಕ್ಕೆ ಕಾಲಮಿತಿ ಒಂದು ವರ್ಷ. ಚಾರ್ಜ್‌ಶೀಟ್ ಹದಿನೈದು ತಿಂಗಳಿಗೆ ಬಂದಿದೆ. ವಿಳಂಬ ಮನ್ನಿಸುವ ಅಧಿಕಾರ ಕೋರ್ಟಿಗೆ ಇದೆ, ಆದರೆ ಮನ್ನಿಸಿದ್ದಾರೆಯೇ, ಆದೇಶ ಇದೆಯೇ ನೋಡಬೇಕು. 188ಕ್ಕೆ (ಅಧಿಕಾರಿಯ ಆದೇಶ ಮೀರುವುದು) ಸಂಬಂಧಪಟ್ಟ ಅಧಿಕಾರಿಯ ಲಿಖಿತ ದೂರು ಕೋರ್ಟಿಗೆ ಬೇಕು, ಪೊಲೀಸ್ ಚಾರ್ಜ್‌ಶೀಟ್ ಸಾಲದು. ಎರಡನ್ನೂ ಹಿಡಿದು ಹೈಕೋರ್ಟ್ ಕಲಬುರಗಿ ಪೀಠದಲ್ಲಿ ಬಿಎನ್‌ಎಸ್‌ಎಸ್ (ಹೊಸ ಅಪರಾಧ ಪ್ರಕ್ರಿಯಾ ಸಂಹಿತೆ) 528ರ ಅಡಿ ರದ್ದತಿ ಅರ್ಜಿ ಹಾಕಬಹುದು. ಅದಕ್ಕೂ ಮೊದಲು ಕೆಳಗಿನ ಕೋರ್ಟಿನಲ್ಲಿ ಹಾಜರಾಗಿ ಜಾಮೀನು. 143, 341, 283, 188 ನಾಲ್ಕೂ ಜಾಮೀನು ಸಿಗುವಂಥವು.

ಸೇಡಂ ಬಂಡಿ:
ನೀವು ವಕೀಲರು ಫೀ ಸಲುವಾಗಿ ಹೈಕೋರ್ಟ್ ಅಂತೀರಿ.

ವಕೀಲ, ಕಲಬುರಗಿ:
ಈ ಕೇಸ್ ನಾನು ತೆಗೆದುಕೊಳ್ಳುತ್ತಿಲ್ಲ. ಕಾಕಾ ಬೇಕಾದ ವಕೀಲರ ಹತ್ತಿರ ಹೋಗಲಿ. ನಿಮ್ಮ ನೋಟರಿ ಬಾಂಡ್ ಹಿಡಿದು ಮಾತ್ರ ಹೋಗಬೇಡಿ.

ಗುಂಪು ನಿರ್ವಾಹಕ:
ಬಂಡಿ ಅವರೇ, ಇನ್ನೊಂದು ಮೆಸೇಜ್ ಹಾಕಿದ್ರ ತೆಗೀಬೇಕಾಗ್ತದ.

ಸುರಪುರ:
ನನ್ನ ಟಿಸಿ ಪ್ರಶ್ನೆ ಮ್ಯಾಲೇ ಉಳದದ.

ಆಳಂದ ಕಾಕಾ:
ಮೇಡಂ, ಶುಕ್ರವಾರಕ್ಕ ಫಾರ್ಮ್ ಹೋಗಬೇಕು. ರದ್ದಾಗೋತನ ಕಾಯ್ಲಿಕ್ಕೆ ಆಗಂಗಿಲ್ಲ. ಏನ್ ಬರೀಬೇಕು ಅಷ್ಟು ಹೇಳ್ರಿ.

ನೇಮಕಾತಿ ಮೇಡಂ:
ಕಾಯಬೇಡಿ, ಇವತ್ತಿನ ಸ್ಥಿತಿ ಬರೆಯಿರಿ. ಬಂಧನ: ಇಲ್ಲ. ಮೊಕದ್ದಮೆ: ಹೌದು. ದಂಡ, ಶಿಕ್ಷೆ: ಇಲ್ಲ. ಡಿಬಾರ್, ರಸ್ಟಿಕೇಟ್: ಇಲ್ಲ, ಕಾಲೇಜಿನಿಂದ ಅಂಥ ಪತ್ರ ಬಂದಿಲ್ಲ ಎಂದು ಮಗನನ್ನು ಕೇಳಿ ಖಚಿತ ಮಾಡಿಕೊಂಡು. ಬಾಕಿ ಕೇಸ್: ಹೌದು. ವಿವರಕ್ಕೆ ಬೇರೆ ಹಾಳೆ, ಒಂದೇ ಪುಟ: ಠಾಣೆ, ಕ್ರೈಂ ನಂಬರ್, ಕೋರ್ಟ್, ಸಿಸಿ ನಂಬರ್, ಸೆಕ್ಷನ್‌ಗಳು, "ವಿದ್ಯಾರ್ಥಿವೇತನದ ಕುರಿತ ಪ್ರತಿಭಟನೆ, 26 ಆರೋಪಿಗಳಲ್ಲಿ 11ನೆಯವನು, ಬಂಧನ ಆಗಿಲ್ಲ". ಕ್ಷಮೆ, ಕಾಲೇಜಿನ ವರ್ಣನೆ, ಯಾರೋ ಕರೆದದ್ದಕ್ಕೆ ಹೋದೆ, ಇದೇನೂ ಬೇಡ. ಎಫ್‌ಐಆರ್ ಮತ್ತು ಇ‑ಕೋರ್ಟ್ಸ್ ಪುಟ ಲಗತ್ತಿಸಿ. ಹಾಸ್ಟೆಲ್ ವಿಳಾಸ ತಾರೀಖು ಸಮೇತ.

ಗುರುವಾರದೊಳಗೆ ಕೋರ್ಟಿಗೆ ಹಾಜರಾದರೆ ಜಾಮೀನು ಆದೇಶದ ನಕಲನ್ನೂ ಸೇರಿಸಿ. ಫಾರ್ಮ್ ಹೋದ ಮೇಲೆ ಕೇಸ್ ರದ್ದಾದರೂ, ಇನ್ನೇನಾದರೂ ಆದರೂ, ಇಲಾಖೆಗೆ ಕೂಡಲೇ ತಿಳಿಸಿ. ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಸಿಸಿ ನಂಬರಿನ ವರ್ಷ ಎರಡು ಸಲ ನೋಡಿ ಬರೆಯಿರಿ, ಎಫ್‌ಐಆರ್ 2023, ಸಿಸಿ 2025. ಎರಡನ್ನೂ ಅದಲು ಬದಲು ಮಾಡಿದರೆ ಎರಡು ಕೇಸ್ ಇವೆ ಎಂದು ಓದುತ್ತಾರೆ.